ಸದ್ದಿಗೆ ಸತ್ತ ಡಿಸ್ಕುಗಳು

‘ನಮ್ಮ ಬ್ಯಾಂಕಿನ ಲೆಕ್ಕ, ಹೊಲದ ಪಹಣಿ, ಮಕ್ಕಳ ಫೋಟೊ ಎಲ್ಲವೂ ಎಲ್ಲೋ ಒಂದು ಡೇಟಾ ಸೆಂಟರಿನಲ್ಲಿ ಇರುತ್ತವಂತೆ. ಅಲ್ಲಿಗೇ ಬೆಂಕಿ ಬಿದ್ದರೆ ಏನು ಸುರಿಯುತ್ತಾರೆ? ನೀರು ಸುರಿದರೆ ಎಲ್ಲ ಹಾಳಾಗುವುದಿಲ್ಲವೇ?’ ಎಂದು ಶಿರಸಿಯ ಓದುಗರೊಬ್ಬರು ಕೇಳಿದ್ದಾರೆ. ಬಲು ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹೇಳಬೇಕಾದರೆ ರುಮೇನಿಯಾದ ರಾಜಧಾನಿ ಬುಕಾರೆಸ್ಟ್‌ಗೆ ಹೋಗಬೇಕು. ಅಲ್ಲಿ ನಡೆದಷ್ಟು ಸೋಜಿಗದ ಪ್ರಸಂಗ ಕಂಪ್ಯೂಟರುಗಳ ಚರಿತ್ರೆಯಲ್ಲಿ ಅಪರೂಪ.

2016ರ ಸೆಪ್ಟೆಂಬರ್ 10, ಶನಿವಾರ. ಐಎನ್‌ಜಿ ಬ್ಯಾಂಕಿನ ಡೇಟಾ ಸೆಂಟರಿನಲ್ಲಿ ಬೆಂಕಿ ಆರಿಸುವ ವ್ಯವಸ್ಥೆಯ ತಾಲೀಮು ನಡೆದಿತ್ತು. ಬೆಂಕಿಯಿಲ್ಲ, ಹೊಗೆಯಿಲ್ಲ. ಸಿಲಿಂಡರುಗಳ ವಾಲ್ವ್ ತೆರೆದುಕೊಂಡಿತು, ಚಾವಣಿಯ ನಾಝಲ್‌ಗಳಿಂದ ಅನಿಲ ಭೋರೆಂದು ನುಗ್ಗಿತು. ಎಲ್ಲವೂ ಅಂದುಕೊಂಡ ಹಾಗೆಯೇ ಆಯಿತು. ಆದರೆ ಹತ್ತಾರು ಹಾರ್ಡ್ ಡಿಸ್ಕುಗಳು ಕೆಟ್ಟು ಕೂತವು. ಬ್ಯಾಂಕಿನ ಕಾರ್ಡು, ಎಟಿಎಂ, ಆನ್‌ಲೈನ್ ವ್ಯವಹಾರ ಸುಮಾರು 10 ಗಂಟೆ ಬಂದ್. ಆ ಅನಿಲದಲ್ಲಿ ತೇವ ಇರಲಿಲ್ಲ, ಲೋಹವನ್ನು ತಿನ್ನುವ ರಾಸಾಯನಿಕವೂ ಇರಲಿಲ್ಲ. ಡಿಸ್ಕುಗಳನ್ನು ಕೊಂದದ್ದು ಅನಿಲ ಹೊರಬಂದಾಗಿನ ಸದ್ದು! ಅಲ್ಲಿದ್ದ ಮಾಪಕಕ್ಕೆ ಅಳೆಯಲು ಆಗುತ್ತಿದ್ದದ್ದು 130 ಡೆಸಿಬೆಲ್‌ವರೆಗೆ. ಸದ್ದು ಅದನ್ನೂ ದಾಟಿತ್ತು.

ಡೇಟಾ ಸೆಂಟರಿನ ಒಳಗಣ ವ್ಯವಸ್ಥೆ ನಿಮಗೆ ಸ್ಥೂಲವಾಗಿ ಗೊತ್ತಿರುತ್ತದೆ. ಸಾಲು ಸಾಲು ರ‍್ಯಾಕುಗಳು, ಅವುಗಳ ತುಂಬ ಸರ್ವರುಗಳು. ಒಳಗೆ ಹೋದ ವಿದ್ಯುತ್ತಿನ ಬಹುಪಾಲು ಕೊನೆಗೆ ಶಾಖವಾಗಿ ಹೊರಗೆ ಬರುತ್ತದೆ. ಆ ಶಾಖವನ್ನು ಹೊತ್ತೊಯ್ಯಲು ಚಿಲ್ಲರುಗಳು, ಕರೆಂಟು ಹೋದರೆ ಯುಪಿಎಸ್ ಬ್ಯಾಟರಿ, ಅದರ ಬೆನ್ನಿಗೆ ಡೀಸೆಲ್ ಜನರೇಟರು. ಬೆಂಗಳೂರಿನ ವೈಟ್‌ಫೀಲ್ಡಿನಲ್ಲೂ ಇಂಥ ಕಟ್ಟಡಗಳಿವೆ. ಹೊರಗಿನಿಂದ ನೋಡಿದರೆ ಗೋದಾಮಿನ ಹಾಗೆ ಕಾಣುತ್ತವೆ.

ಇಂಥ ಕಡೆ ಬೆಂಕಿ ಆರಿಸಲು ಹಿಂದೆ ಹೇಲಾನ್ ಎಂಬ ಅನಿಲ ಬಳಸುತ್ತಿದ್ದರು. ಅದು ಓಝೋನ್ ಪದರವನ್ನು ಹರಿಯುತ್ತದೆಂದು ಗೊತ್ತಾಯಿತು. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ 1994ರ ಹೊತ್ತಿಗೆ ಶ್ರೀಮಂತ ದೇಶಗಳಲ್ಲಿ ಅದರ ತಯಾರಿಕೆ ನಿಂತಿತು. ಅದರ ಜಾಗಕ್ಕೆ ಬಂದವುಗಳಲ್ಲಿ ನನಗೆ ಅಚ್ಚುಮೆಚ್ಚಿನದು ಇನರ್ಜೆನ್ ಎಂಬ ಮಿಶ್ರಣ. ಶೇಕಡಾ 52 ನೈಟ್ರೋಜನ್, 40 ಆರ್ಗಾನ್, 8 ಕಾರ್ಬನ್ ಡೈಆಕ್ಸೈಡ್. ಮೂರೂ ನಾವು ದಿನಾ ಉಸಿರಾಡುವ ಗಾಳಿಯಲ್ಲೇ ಇರುವಂಥವು. ಕೋಣೆಗೆ ಇದನ್ನು ತುಂಬಿದರೆ ಆಮ್ಲಜನಕದ ಪಾಲು ಶೇ 21ರಿಂದ ಸುಮಾರು 12.5ಕ್ಕೆ ಇಳಿಯುತ್ತದೆ. 15ರ ಆಸುಪಾಸಿನಲ್ಲೇ ಸಾಮಾನ್ಯ ಬೆಂಕಿ ಸೊರಗಿ ಸಾಯುತ್ತದೆ.

‘ಹಾಗಾದರೆ ಒಳಗೆ ಸಿಕ್ಕಿಕೊಂಡವರೂ ಸತ್ತಂತೆಯೇ’ ಎಂದು ಬಹಳ ಜನ ನಂಬಿದ್ದಾರೆ. ಶುದ್ಧ ಕಾರ್ಬನ್ ಡೈಆಕ್ಸೈಡ್ ತುಂಬುವ ಹಳೆಯ ವ್ಯವಸ್ಥೆಗಳು ನಿಜಕ್ಕೂ ಜೀವ ತೆಗೆಯುತ್ತವೆ, ಈ ಭಯ ಹುಟ್ಟಿದ್ದು ಅಲ್ಲಿಂದ. ಇನರ್ಜೆನ್‌ನ ಲೆಕ್ಕ ಬೇರೆ. ನಮ್ಮ ಮಿದುಳು ಉಸಿರಾಟದ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ನೋಡಿ. ಅದು ತುಸು ಹೆಚ್ಚಾದರೆ ಉಸಿರು ತಾನಾಗಿ ಆಳವಾಗುತ್ತದೆ, ಬೇಗ ಬೇಗ ಆಗುತ್ತದೆ. ಮಿಶ್ರಣದಲ್ಲಿ ಆ 8 ಪಾಲು ಇಟ್ಟಿರುವುದು ಅದಕ್ಕೇ. ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾದರೂ ದೇಹ ಹೆಚ್ಚು ಗಾಳಿ ಎಳೆದುಕೊಂಡು ಸರಿದೂಗಿಸುತ್ತದೆ. ಬೆಂಕಿಗೆ ಈ ಅನುಕೂಲ ಇಲ್ಲ. ಆಳವಾಗಿ ಉಸಿರೆಳೆದುಕೊಳ್ಳಲು ಅದಕ್ಕೆ ಬರುವುದಿಲ್ಲ. ಹಾಗೆಂದು ಒಳಗೇ ಉಳಿಯಬಾರದು, ಸೈರನ್ ಕೂಗಿದ ಕೂಡಲೇ ಹೊರಗೆ ಓಡಬೇಕು. ಆದರೂ ಒಂದೇ ಗಾಳಿಯಲ್ಲಿ ಬೆಂಕಿಯನ್ನು ಸಾಯಿಸಿ ಮನುಷ್ಯನನ್ನು ಉಳಿಸುವ ಈ ಯೋಚನೆಗೆ ನಾನು ಮಾರುಹೋಗಿದ್ದೇನೆ.

ಈಗ ಸದ್ದಿನ ವಿಷಯಕ್ಕೆ ಬರೋಣ. ಈ ಅನಿಲವನ್ನು ಸಿಲಿಂಡರಿನಲ್ಲಿ 200ರಿಂದ 300 ಬಾರ್ ಒತ್ತಡದಲ್ಲಿ, ಎಂದರೆ ಹೊರಗಿನ ವಾತಾವರಣದ ಇನ್ನೂರು ಮುನ್ನೂರು ಪಟ್ಟು ಒತ್ತಡದಲ್ಲಿ ತುಂಬಿಟ್ಟಿರುತ್ತಾರೆ. ಇಡೀ ಕೋಣೆಗೆ ಸಾಲುವಷ್ಟು ಅನಿಲ ಒಂದೆರಡು ನಿಮಿಷದೊಳಗೆ ಹೊರಬರಬೇಕು. ಗೋಡೆ ಬಿರಿಯದಿರಲಿ ಎಂದು ಒತ್ತಡ ಬಿಡುವ ಕಿಂಡಿಗಳನ್ನೇ ಇಟ್ಟಿರುತ್ತಾರೆ. ಸಣ್ಣ ನಾಝಲ್‌ನಿಂದ ಅಷ್ಟು ಅನಿಲ ಅಷ್ಟು ಬೇಗ ಹೊರಬಂದರೆ ಕಿವಿ ಒಡೆಯುವ ಶಿಳ್ಳೆ ಹೊಡೆಯುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ 10ಕ್ಕೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ಸರ್ವರ್ ಕೋಣೆಯ ಫ್ಯಾನುಗಳ ಮೊರೆತ 80 ಡೆಸಿಬೆಲ್ ಎಂದುಕೊಂಡರೆ, 130 ಎಂಬುದು ಅದರ ಒಂದು ಲಕ್ಷ ಪಟ್ಟು.

ಇನ್ನು ಹಾರ್ಡ್ ಡಿಸ್ಕಿನ ಸೂಕ್ಷ್ಮ ನೋಡಿ. ಒಳಗಿನ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತಿರುತ್ತದೆ. ಓದುವ, ಬರೆಯುವ ಹೆಡ್ ಅದರ ಮೇಲೆ ಬರೀ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಮಾಹಿತಿಯನ್ನು ಬರೆಯುವ ಒಂದೊಂದು ಪಥದ ಅಗಲ 100 ನ್ಯಾನೊಮೀಟರಿಗೂ ಕಡಿಮೆ. ತಲೆಗೂದಲಿನ ದಪ್ಪ 80,000 ನ್ಯಾನೊಮೀಟರ್ ಆಸುಪಾಸು. ಹೆಡ್ ತುಸು ವಾಲಿದರೆ ಅದನ್ನು ಕೂಡಲೇ ಸರಿದಾರಿಗೆ ತರುವ ಸರ್ವೊ ನಿಯಂತ್ರಣ ಇದೆ. ನಿಧಾನದ ಅಲುಗಾಟವನ್ನು ಅದು ಚೆನ್ನಾಗಿಯೇ ಸಂಭಾಳಿಸುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಕಂಪಿಸುವ ಶಿಳ್ಳೆಯ ಮುಂದೆ ಅದರ ಆಟ ನಡೆಯುವುದಿಲ್ಲ. ಹಗ್ಗದ ಮೇಲೆ ನಡೆಯುವ ದೊಂಬರ ಹುಡುಗಿ ಗಾಳಿ ಬೀಸಿದರೆ ಕೋಲು ವಾಲಿಸಿ ನಿಭಾಯಿಸುತ್ತಾಳೆ. ಹಗ್ಗವನ್ನೇ ಹಿಡಿದು ಪಟಪಟ ಅಲುಗಿಸಿದರೆ ಏನು ಮಾಡಿಯಾಳು?

ಮೊದಲು ನಿಲ್ಲುವುದು ಬರೆಯುವ ಕೆಲಸ. ಪಕ್ಕದ ಪಥದ ಮೇಲೆ ಬರೆದುಬಿಟ್ಟರೆ ಅಲ್ಲಿದ್ದ ಮಾಹಿತಿ ಅಳಿಸಿಹೋಗುತ್ತದಲ್ಲ, ಹಾಗಾಗಿ ಡಿಸ್ಕು ತಾನೇ ಕೈಬಿಟ್ಟು, ಹೆಡ್ ಮತ್ತೆ ಪಥಕ್ಕೆ ಬರುವುದನ್ನೇ ಕಾಯುತ್ತದೆ. ಸುಮಾರು 110 ಡೆಸಿಬೆಲ್ ಆದಾಗಲೇ ಅನೇಕ ಡಿಸ್ಕುಗಳು ಕುಂಟತೊಡಗುತ್ತವೆ. ಅದಕ್ಕಿಂತ ಹೆಚ್ಚಾದರೆ ಕೆಲವು ಚೇತರಿಸಿಕೊಳ್ಳುವುದೇ ಇಲ್ಲ.

ಇದನ್ನು ಕಣ್ಣಾರೆ ತೋರಿಸಿದವರು ಬ್ರೆಂಡನ್ ಗ್ರೆಗ್. ಸನ್ ಮೈಕ್ರೊಸಿಸ್ಟಮ್ಸ್‌ನಲ್ಲಿ ಎಂಜಿನಿಯರ್ ಆಗಿದ್ದಾಗ, 2008ರ ಕೊನೆಯಲ್ಲಿ, ಡಿಸ್ಕುಗಳ ರ‍್ಯಾಕಿಗೆ ಬಾಯಿ ಒಡ್ಡಿ ಗಟ್ಟಿಯಾಗಿ ಕಿರುಚಿದರು. ಪರದೆಯ ಮೇಲಿನ ಗ್ರಾಫ್ ಚಕ್ಕನೆ ಮೇಲೆದ್ದಿತು. ಡಿಸ್ಕುಗಳು ಉತ್ತರಿಸುವ ಹೊತ್ತು ಕಿರುಚಾಟದ ಕ್ಷಣಕ್ಕೆ ಸರಿಯಾಗಿ ಏರಿತ್ತು. ಒಬ್ಬ ಮನುಷ್ಯನ ಗಂಟಲಿಗೇ ಹೀಗಾದರೆ ಬುಕಾರೆಸ್ಟ್‌ನ ಡಿಸ್ಕುಗಳ ಪಾಡು ಊಹಿಸಿಕೊಳ್ಳಿ. 2018ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ಡೇಟಾ ಸೆಂಟರ್ ಒಂದರಲ್ಲೂ ಇದೇ ಕಥೆ. ಅನಿಲ ಬಿಡುಗಡೆಯಾದ ಸದ್ದಿಗೆ ಸರ್ವರುಗಳು ಕೆಟ್ಟು, ನಾಸ್ಡಾಕ್ ನಡೆಸುವ ನಾರ್ಡಿಕ್ ದೇಶಗಳ ಷೇರುಪೇಟೆಗಳು ಗಂಟೆಗಟ್ಟಲೆ ತೆರೆಯಲಿಲ್ಲ.

ಈಗ ಸದ್ದು ಹೀರುವ ನಾಝಲ್‌ಗಳು ಬಂದಿವೆ. ಅವನ್ನು ರ‍್ಯಾಕುಗಳಿಂದ ದೂರ ಇಡುತ್ತಾರೆ, ಅನಿಲವನ್ನು ಒಂದರ ಬದಲು ಎರಡು ನಿಮಿಷಕ್ಕೆ ಹಂಚಿ ಬಿಡುತ್ತಾರೆ. ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಗಳಿಗೆ ಈ ಭಯವಿಲ್ಲ.

ಅನಿಲ ಬಿಡುವ ಪ್ರಮೇಯವೇ ಬಾರದಿರುವುದು ಎಲ್ಲಕ್ಕಿಂತ ಲೇಸು. ಅದಕ್ಕೆಂದೇ ಇರುವುದು ಗಾಳಿಯನ್ನು ಹೀರಿ ಹೊಗೆಯ ವಾಸನೆ ಹಿಡಿಯುವ ವೆಸ್ಡಾ ಎಂಬ ಸಾಧನ. ಆಸ್ಟ್ರೇಲಿಯಾದ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒ ಕಾಳ್ಗಿಚ್ಚಿನ ಹೊಗೆಯ ಅಧ್ಯಯನಕ್ಕೆ ಬಳಸುತ್ತಿದ್ದ ಉಪಕರಣದಿಂದ 1970ರ ದಶಕದಲ್ಲಿ ಹುಟ್ಟಿದ್ದು ಇದು. ಚಾವಣಿಯ ಉದ್ದಕ್ಕೂ ಸಣ್ಣ ತೂತುಗಳಿರುವ ಪೈಪುಗಳು, ಕೊನೆಯಲ್ಲಿ ಒಂದು ಪೆಟ್ಟಿಗೆ. ಪೈಪು ಕೋಣೆಯ ಗಾಳಿಯನ್ನು ಸದಾ ಎಳೆಯುತ್ತಿರುತ್ತದೆ, ಪೆಟ್ಟಿಗೆಯೊಳಗಿನ ಲೇಸರ್ ಬೆಳಕು ಅದರಲ್ಲಿ ತೇಲುವ ಹೊಗೆಯ ಕಣಗಳಿಗೆ ತಾಗಿ ಚದುರುತ್ತದೆ. ವೈರಿನ ಪ್ಲಾಸ್ಟಿಕ್ ಬಿಸಿಯಾಗಿ ಕಣ್ಣಿಗೆ ಕಾಣದಷ್ಟು ಹೊಗೆ ಬಿಟ್ಟರೂ ಇದಕ್ಕೆ ಗೊತ್ತಾಗುತ್ತದೆ.

ಇಲ್ಲಿ ನನಗೆ ಸಿಟ್ಟು ಬರುವ ಸಂಗತಿಯೊಂದಿದೆ. ಆಯುಧಪೂಜೆಯ ದಿನ ಬೆಂಗಳೂರಿನ ಒಂದು ಕಂಪನಿಯ ಸರ್ವರ್ ಕೋಣೆಗೆ ಹೋಗಿದ್ದೆ. ರ‍್ಯಾಕಿನ ಮುಂಬಾಗಿಲ ಜಾಲರಿಗೆ ಅಡ್ಡಡ್ಡ ಚೆಂಡುಹೂವಿನ ದಪ್ಪ ಮಾಲೆ. ತಣ್ಣನೆಯ ಗಾಳಿ ಒಳಗೆ ಹೋಗಬೇಕಾದ ದಾರಿಯೇ ಅದು. ಸ್ವಿಚ್ಚುಗಳ ಮೇಲೆ ಕುಂಕುಮ. ಬಾಳೆಹಣ್ಣಿಗೆ ಚುಚ್ಚಿದ ಊದಿನಕಡ್ಡಿಯಿಂದ ಹೊಗೆ ಎದ್ದು ನೇರ ಸರ್ವರಿನ ಫ್ಯಾನಿಗೆ ಹೋಗುತ್ತಿತ್ತು. ಅಲಾರಂ ಏಕೆ ಕೂಗುತ್ತಿಲ್ಲ ಎಂದು ನೋಡಿದರೆ ಗೋಡೆಯ ಪ್ಯಾನೆಲ್‌ನಲ್ಲಿ ಹಳದಿ ದೀಪ: ಇಡೀ ಪತ್ತೆ ವ್ಯವಸ್ಥೆಯನ್ನೇ ‘ಐಸೊಲೇಟ್’ ಮಾಡಿದ್ದರು. ‘ಪೂಜೆ ಮುಗಿದ ಮೇಲೆ ಹಾಕ್ತೀವಿ ಸಾರ್, ದೃಷ್ಟಿ ಆಗಬಾರದಲ್ಲ’ ಎಂದರು. ಸರ್ವರಿಗೆ ದೃಷ್ಟಿ ತಾಗುವುದಿಲ್ಲ, ಸ್ವಾಮಿ! ಅದಕ್ಕೆ ತಾಗುವುದು ಕುಂಕುಮದ ಪುಡಿ, ಊದಿನಕಡ್ಡಿಯ ಬೂದಿ, ಗಾಳಿ ಆಡದೆ ಏರುವ ಶಾಖ. ಕಾವಲಿಗಿಟ್ಟ ಸಾಧನದ ಕಣ್ಣು ಕಟ್ಟಿ ಅದರ ಕೆಳಗೇ ಕಿಡಿ ಹಚ್ಚುವುದನ್ನು ಭಕ್ತಿ ಎನ್ನಲು ನನಗೆ ಮನಸ್ಸಿಲ್ಲ. ಪೂಜೆ ಬೇಕೆನ್ನುವವರು ಬಾಗಿಲ ಹೊರಗೆ ಮಾಡಲಿ.

ಇನ್ನು ನೀರಿನ ಮಾತು. ಡೇಟಾ ಸೆಂಟರಿಗೆ ನೀರು ವರ್ಜ್ಯ ಎಂಬುದು ತಪ್ಪು ತಿಳಿವಳಿಕೆ. ಅನೇಕ ಕಡೆ ಅನಿಲದ ಜೊತೆಗೆ ಸ್ಪ್ರಿಂಕ್ಲರುಗಳೂ ಇರುತ್ತವೆ. ಅವುಗಳ ಪೈಪಿನಲ್ಲಿ ಮಾಮೂಲು ದಿನಗಳಲ್ಲಿ ಗಾಳಿ ಮಾತ್ರ. ಹೊಗೆ ಪತ್ತೆಯಾದರೆ ಪೈಪಿಗೆ ನೀರು ಬರುತ್ತದೆ. ಆಮೇಲೂ ನೀರು ಸುರಿಯಬೇಕಾದರೆ ಸ್ಪ್ರಿಂಕ್ಲರಿನ ಗಾಜಿನ ಗುಳಿಗೆ ಸುಮಾರು 68 ಡಿಗ್ರಿ ಶಾಖಕ್ಕೆ ಒಡೆಯಬೇಕು. ಒಡೆದ ಕಡೆ ಮಾತ್ರ ನೀರು. ಒಂದು ಒಡೆದರೆ ಎಲ್ಲವೂ ಸುರಿಯುವುದು ಸಿನಿಮಾದಲ್ಲಿ ಮಾತ್ರ.

ಲಿಥಿಯಂ ಬ್ಯಾಟರಿಗಳು ಬಂದ ಮೇಲಂತೂ ನೀರಿನ ಬೆಲೆ ಹೆಚ್ಚಿದೆ. ಹೊತ್ತಿಕೊಂಡ ಲಿಥಿಯಂ ಬ್ಯಾಟರಿ ತನ್ನೊಳಗಿನ ರಾಸಾಯನಿಕಗಳಿಂದಲೇ ಶಾಖವನ್ನೂ ಆಮ್ಲಜನಕವನ್ನೂ ಹೊರಡಿಸುತ್ತದೆ. ಕೋಣೆಯ ಆಮ್ಲಜನಕ ತಗ್ಗಿಸಿ ಅದನ್ನು ಮಣಿಸಲಾಗದು. ಅದಕ್ಕೆ ಬೇಕಾದದ್ದು ತಂಪು, ತಂಪಿಗೆ ನೀರೇ ಗತಿ. 2025ರ ಸೆಪ್ಟೆಂಬರ್ 26ರ ರಾತ್ರಿ ದಕ್ಷಿಣ ಕೊರಿಯಾದ ಡೇಜನ್ ನಗರದಲ್ಲಿ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿದ್ದದ್ದು ಇಂಥ ಬ್ಯಾಟರಿಯಿಂದ. ಐದನೇ ಮಹಡಿಯಲ್ಲಿ ಸರ್ವರುಗಳ ಪಕ್ಕದಲ್ಲಿದ್ದ ಬ್ಯಾಟರಿಗಳನ್ನು ಸುರಕ್ಷತೆಗೆಂದು ನೆಲಮಾಳಿಗೆಗೆ ಸಾಗಿಸುವ ಕೆಲಸ ನಡೆದಿದ್ದಾಗಲೇ ಕಿಡಿ ಹಾರಿತು. ಸರ್ವರುಗಳು ನೆನೆದಾವೆಂಬ ಅಳುಕಿನಿಂದ ಧಾರಾಳವಾಗಿ ನೀರು ಹಾಯಿಸಲಾಗದೆ, ಬೆಂಕಿ ಪೂರ್ತಿ ಆರಲು ಸುಮಾರು 22 ಗಂಟೆ ಹಿಡಿಯಿತು. 709 ಸರ್ಕಾರಿ ವ್ಯವಸ್ಥೆಗಳು ನಿಂತವು. ನೌಕರರ ಕಡತಗಳಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಮಾಹಿತಿಗೆ ಬೇರೆಲ್ಲೂ ಪ್ರತಿ ಇರಲಿಲ್ಲ, ಅಷ್ಟೂ ಹೋಯಿತು. ಸುಟ್ಟ ಬ್ಯಾಟರಿಗಳನ್ನು ಅಗ್ನಿಶಾಮಕ ಸಿಬ್ಬಂದಿ ಒಂದೊಂದಾಗಿ ಹೊರಗೆ ತಂದು, ಮತ್ತೆ ಹೊತ್ತಿಕೊಳ್ಳದಂತೆ ನೀರಿನ ತೊಟ್ಟಿಗಳಲ್ಲಿ ಮುಳುಗಿಸಿಟ್ಟರು.