ಸಂತೆಯ ಚೀಲ

ಕಮಲಾಪುರದಿಂದ ಕಲಬುರಗಿಗೆ ಹೆಚ್ಚೆಂದರೆ ಒಂದು ಗಂಟೆಯ ಬಸ್ಸಿನ ದಾರಿ. ಇಷ್ಟು ಸಮೀಪದ ಊರಿಗೆ ಮನೆ ಬದಲಿಸುವುದನ್ನು ವಲಸೆಯೆಂದರೆ ಓದುಗರು ನಕ್ಕಾರು. ಆದರೆ ದೂರವನ್ನು ಮೈಲಿಗಲ್ಲುಗಳಿಂದ ಅಳೆಯುವುದು ಒಂದು ಬಗೆ, ಅಡುಗೆಮನೆಯ ಡಬ್ಬಿಗಳಿಂದ ಅಳೆಯುವುದು ಇನ್ನೊಂದು ಬಗೆ. ಮಕ್ಕಳ ಓದಿಗಾಗಿ ಕಳೆದ ಜೂನಿನಲ್ಲಿ ನಗರಕ್ಕೆ ಬಂದೆವು. ತಿಂಗಳು ತುಂಬುವ ಮೊದಲೇ ಡಬ್ಬಿಗಳು ಬರಿದಾದವು, ನನ್ನ ಕಿಸೆಯೂ ಅವುಗಳನ್ನು ಹಿಂಬಾಲಿಸಿತು.

ಊರಿನಲ್ಲಿದ್ದಾಗ ಜೋಳ, ತೊಗರಿ ಎರಡೂ ಅಣ್ಣನ ಹೊಲದಿಂದ ಬರುತ್ತಿದ್ದವು. ಕಾಯಿಪಲ್ಲೆ ವಾರದ ಸಂತೆಯದು. ಊರು ಬಿಟ್ಟ ಮೇಲೆ, ಸಂಬಳದ ಮನುಷ್ಯನಾದ ನನಗೆ ಕಾಳು ಕೇಳಲು ನಾಲಿಗೆ ಬರಲಿಲ್ಲ. ನಗರದಲ್ಲಿ ಮೊದಲು ಉಣ್ಣುವುದು ಬಾಡಿಗೆ. ನಾವು ಉಣ್ಣುವುದು ಆಮೇಲೆ. ಮನೆಯ ಬಳಿಯ ಥಳಥಳಿಸುವ ಅಂಗಡಿಯಲ್ಲಿ ಒಂದೊಂದೇ ಕಿಲೋ ಪೊಟ್ಟಣದ ಬೇಳೆ ಕೊಳ್ಳುತ್ತಿದ್ದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಅಂಥ ತೊಗರಿಯ ಕಣಜದ ನಡುವೆ ಕುಳಿತು ನಮ್ಮ ಮನೆಯ ಸಾರು ದಿನದಿನಕ್ಕೆ ತಿಳಿಯಾಗತೊಡಗಿತು.

ನನ್ನ ಕೈಚೀಲವನ್ನು ಒಂದು ಸಂಜೆ ನೋಡಿದವನು ನನ್ನದೇ ತರಗತಿಯ ವಿದ್ಯಾರ್ಥಿ. ಹಳ್ಳಿಯಿಂದ ಬಂದು ಮೂವರು ಗೆಳೆಯರೊಡನೆ ಒಂದು ಕೋಣೆಯಲ್ಲಿದ್ದಾನೆ. ತಾಯಿ ವಾರಕ್ಕೊಮ್ಮೆ ಕಟಕ ರೊಟ್ಟಿಯ ಗಂಟನ್ನು ಬಸ್ಸಿನಲ್ಲಿ ಕಳುಹಿಸುತ್ತಾಳೆ.

“ಸರ್, ನೀವು ಪಾಕೀಟಿಗಿ ರೊಕ್ಕ ಕೊಡ್ಲತ್ತೀರಿ, ಬ್ಯಾಳಿಗಿ ಅಲ್ಲ. ನೆಹರು ಗಂಜಿಗಿ ಬರ್ರಿ.”

ಕವಿರಾಜಮಾರ್ಗವನ್ನು ಹದಿನೆಂಟು ವರ್ಷ ಪಾಠ ಹೇಳಿದ ನನಗೆ ಗಂಜಿನ ಮಾರ್ಗ ತಿಳಿದಿರಲಿಲ್ಲ! ಅಂದು ಅವನು ಗುರು, ನಾನು ಶಿಷ್ಯ. ಬಿಡಿಯಾಗಿ ಕೊಳ್ಳಬಾರದು, ನಾಲ್ಕು ಮನೆ ಸೇರಿ ಒಂದು ಚೀಲ ಕೊಂಡು ಹಂಚಿಕೊಳ್ಳಬೇಕು, ಬೇಳೆಯನ್ನು ಅಂಗೈಯಲ್ಲಿ ಉಜ್ಜಿ ಧೂಳು ನೋಡಬೇಕು, ಸಂಕ್ರಾಂತಿಯ ಹೊತ್ತಿಗೆ ಹೊಸ ತೊಗರಿ ಬಂದು ಧಾರಣೆ ಇಳಿಯುವುದನ್ನು ಕಾಯಬೇಕು. ಇವು ಅವನ ಸೂತ್ರಗಳು. ನೆರೆಯ ಮೂರು ಮನೆಗಳನ್ನು ಕೂಡಿಸಿಕೊಂಡು ಹಾಗೆಯೇ ಮಾಡಿದೆವು. ಸಾರು ಮತ್ತೆ ಗಟ್ಟಿಯಾಯಿತು. ನನ್ನ ಜಾಣತನವನ್ನು ಅಧ್ಯಾಪಕರ ಕೊಠಡಿಯಲ್ಲಿ ನಾನೇ ಹೊಗಳಿಕೊಂಡೆ.

ಸಂಕ್ರಾಂತಿಯೂ ಬಂದಿತು. ಧಾರಣೆ ಇಳಿಯುವುದನ್ನು ನಾನು ಕಾಯುತ್ತಿದ್ದ ದಿನಗಳಲ್ಲೇ ಒಂದು ರಾತ್ರಿ ಅಣ್ಣನ ಫೋನು. “ಧಾರಣಿ ಬಿದ್ದದ. ಸಾಲ ಕೊಟ್ಟವ್ರು ಕಾಯಲ್ಲ. ಮಾರ್ಲೋ, ಇಟ್ಕೊಳ್ಲೋ?” ನಾನು ಬಾಯಿ ಬಿಡಲಾರದೆ ಹೋದೆ. ಯಾವ ಇಳಿತವನ್ನು ನಾನು ಹಬ್ಬದಂತೆ ಎದುರು ನೋಡುತ್ತಿದ್ದೆನೋ ಅದು ಅಣ್ಣನ ಅಂಗಳದಲ್ಲಿ ಸೂತಕದಂತೆ ಇಳಿದಿತ್ತು.

ಮರುದಿನ ವಿದ್ಯಾರ್ಥಿಯೊಡನೆ ಕುಳಿತು ಲೆಕ್ಕ ಹಾಕಿದೆ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ಸಾರಿದ ಬೆಂಬಲ ಬೆಲೆ ತೊಗರಿ ಕ್ವಿಂಟಲಿಗೆ 8,000 ರೂಪಾಯಿ, ಎಂದರೆ ಕಿಲೋಗೆ 80. ನೂರು ಕಿಲೋ ತೊಗರಿ ಒಡೆಸಿದರೆ ಸಿಪ್ಪೆ, ನುಚ್ಚು ಕಳೆದು ಸುಮಾರು 70 ಕಿಲೋ ಬೇಳೆ. ಹೀಗೆ ಒಂದು ಕಿಲೋ ಬೇಳೆಯೊಳಗಿನ ಕಾಳಿಗೇ ಸುಮಾರು 114 ರೂಪಾಯಿ; ಮಿಲ್ಲಿನ ಕೂಲಿ, ಸಾಗಾಟ ಬೇರೆ. ಇದಕ್ಕಿಂತ ಅಗ್ಗವಾಗಿ ಬೇಳೆ ದೊರೆತರೆ ನಡುವೆ ಯಾರದೋ ಬೆವರು ತೂಕಕ್ಕೆ ಬಾರದೆ ಹೋಗಿದೆಯೆಂದೇ ಅರ್ಥ.

ಅಗ್ಗವನ್ನು ಹುಡುಕುವುದು ತಪ್ಪೆಂದು ನಾನು ಹೇಳಲಾರೆ. ರೊಟ್ಟಿಯ ಗಂಟನ್ನು ಕಾಯುವ ಹುಡುಗನ ಮುಂದೆ ಹಾಗೆನ್ನುವುದು ಅಹಂಕಾರವಾದೀತು. ಆದರೆ ಪೊಟ್ಟಣದಲ್ಲಿ ಉಳಿಸಬಹುದಾದುದನ್ನು ರೈತನ ಧಾರಣೆಯಲ್ಲಿ ಉಳಿಸಹೊರಟದ್ದು ನನ್ನ ತಪ್ಪು. ನಾಲ್ಕು ಮನೆಯವರಿಗೂ ವಿಷಯ ತಿಳಿಸಿದೆ. ಬೆಂಬಲ ಬೆಲೆಯನ್ನೇ ಕೊಟ್ಟು ಅಣ್ಣನಿಂದ ಎರಡು ಕ್ವಿಂಟಲ್ ತೊಗರಿ ಕೊಂಡು, ಗಂಜಿನಲ್ಲಿ ಒಡೆಸಿ ಹಂಚಿಕೊಂಡೆವು. ಒಂದು ಪಾಲು ಆ ಹುಡುಗರ ಕೋಣೆಗೂ ಹೋಯಿತು. ಅಣ್ಣನ ಸಾಲವೆಲ್ಲ ತೀರಲಿಲ್ಲ. ಆದರೂ ಕೂಲಿ ಸೇರಿಸಿದ ಮೇಲೂ ನಮಗೆ ಪೊಟ್ಟಣಕ್ಕಿಂತ ಕಡಿಮೆಯೇ ಬಿದ್ದಿತು.

ತೊಗರಿಯ ಚೀಲಗಳೊಡನೆ ಅಣ್ಣ ಕಮಲಾಪುರದ ಕೆಂಪು ಬಾಳೆಯ ಒಂದು ಗೊನೆಯನ್ನೂ ಕಳುಹಿಸಿದ್ದ. ಲೆಕ್ಕದ ಚೀಟಿಯನ್ನು ಎರಡು ಸಲ ಓದಿದೆ. ಅದರ ಬೆಲೆ ಎಲ್ಲಿಯೂ ಬರೆದಿರಲಿಲ್ಲ.