ಫಾರ್ವರ್ಡ್ ಆದ ಫೋಟೋದಲ್ಲಿ ಬಣ್ಣ ಬದಲಾಗುವುದು ಯಾಕೆ?

2017ರ ಡಿಸೆಂಬರ್ 8ರಂದು ಹೊನ್ನಾವರದ ಶೆಟ್ಟಿಕೆರೆಯಲ್ಲಿ ಯುವಕನೊಬ್ಬನ ಶವ ಸಿಕ್ಕಿತು. ಅದರ ಫೋಟೋಗಳು ವಾಟ್ಸಾಪ್‌ನಲ್ಲಿ ಹರಿದಾಡಿದವು. ಮುಖ ಕಪ್ಪಾಗಿದೆ, ಬಿಸಿ ಎಣ್ಣೆ ಸುರಿದಿದ್ದಾರೆ ಎಂಬ ಮಾತು ಹಬ್ಬಿತು. ಶವ ಕೊಳೆಯುವಾಗ ಬಣ್ಣ ಹೀಗೆ ಬದಲಾಗುತ್ತದೆ ಎಂದು ವಿಧಿವಿಜ್ಞಾನ ತಜ್ಞರು ಹೇಳಿದರು. 11ರಂದು ಕುಮಟಾದಲ್ಲಿ ಹಿಂಸಾಚಾರವೂ ನಡೆಯಿತು. ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಆದ ಸಾವು ಎಂದು ಸಿಬಿಐ ವರದಿ ಕೊಟ್ಟದ್ದು 2022ರ ಅಕ್ಟೋಬರಿನಲ್ಲಿ.

ಅಲ್ಲಿ ಬಣ್ಣ ಬದಲಾದದ್ದು ದೇಹದಲ್ಲೇ. ಆದರೆ ಕೈಯಿಂದ ಕೈಗೆ ಹೋಗುವ ಫೋಟೋದ ಬಣ್ಣವೂ ಬದಲಾಗುತ್ತದೆ, ಯಾರೂ ತಿದ್ದದಿದ್ದರೂ!

ಫೋಟೋ ಫೈಲಿನಲ್ಲಿ ಇರುವುದು ಬರೀ ಸಂಖ್ಯೆಗಳು. ಈ ಸಂಖ್ಯೆ ಎಂದರೆ ಯಾವ ಕೆಂಪು ಎಂದು ಹೇಳುವ ಚೀಟಿಯೇ ಕಲರ್ ಪ್ರೊಫೈಲ್. 2016ರ ಐಫೋನ್ 7ರಿಂದೀಚೆಗೆ ಆಪಲ್ ಫೋನ್‌ಗಳು 'ಡಿಸ್‌ಪ್ಲೇ ಪಿ3' ಎಂಬ ಹೆಚ್ಚು ಬಣ್ಣಗಳ ವ್ಯಾಪ್ತಿಯಲ್ಲಿ ಫೋಟೋ ತೆಗೆಯುತ್ತವೆ. ಯಾವುದೋ ಆ್ಯಪ್ ಆ ಚೀಟಿಯನ್ನು ಕಿತ್ತು ಸೇವ್ ಮಾಡಿದರೆ, ನೋಡುವ ಫೋನ್ ಅದನ್ನು ಹಳೆಯ 'ಎಸ್‌ಆರ್‌ಜಿಬಿ' ಎಂದುಕೊಂಡು ತೋರಿಸುತ್ತದೆ. ಇಡೀ ಚಿತ್ರ ಸಪ್ಪೆಯಾಗುತ್ತದೆ, ಉಪ್ಪಿಲ್ಲದ ಮೀನಿನ ಸಾರಿನ ಹಾಗೆ.

ಇನ್ನೊಂದು ಕಾರಣ ಜೆಪೆಗ್. ಫೈಲು ಚಿಕ್ಕದಾಗಿಸಲು ಅದು ಬೆಳಕಿನ ವಿವರವನ್ನು ಹೆಚ್ಚು ಉಳಿಸಿಕೊಂಡು, ಬಣ್ಣವನ್ನು ಸಾಮಾನ್ಯವಾಗಿ ನಾಲ್ಕು ಚುಕ್ಕಿಗೆ ಒಂದರಂತೆ ಇಟ್ಟುಕೊಳ್ಳುತ್ತದೆ. ಹೊನ್ನಾವರದ ಗುಂಪಿನಲ್ಲಿ ಬಂದ ಫೋಟೋವನ್ನು ಸ್ಕ್ರೀನ್‌ಶಾಟ್ ತೆಗೆದು ಭಟ್ಕಳದ ಗುಂಪಿಗೆ ಹಾಕಿದರೆ, ಅಲ್ಲಿಂದ ಇನ್ನೊಬ್ಬರು ಹಾಗೇ ಮಾಡಿದರೆ, ಪ್ರತಿ ಸಲವೂ ಒಂದಿಷ್ಟು ಬಣ್ಣ ಸೋರುತ್ತದೆ. ಕೆಂಪಿನ ಅಂಚು ಪಕ್ಕಕ್ಕೆ ಹರಡಿ, ಚರ್ಮದ ಮೇಲೆ ಕಲೆಯಂತೆ ಕಾಣಬಹುದು.

ನಾವು ಪರೀಕ್ಷಿಸುವ ಕ್ರಮ ಇದು. ಎರಡೂ ಪ್ರತಿಗಳನ್ನು ಒಂದೇ ಫೋನಿನಲ್ಲಿ, ಒಂದೇ ಬ್ರೈಟ್‌ನೆಸ್‌ನಲ್ಲಿ ನೋಡುತ್ತೇವೆ. ನೈಟ್ ಮೋಡ್ ಮತ್ತು 'ವಿವಿಡ್' ಆಫ್ ಇರಬೇಕು (ಅರ್ಧ ಜಗಳ ಇಲ್ಲೇ ಮುಗಿಯುತ್ತದೆ). ಆಮೇಲೆ ಮುಖವನ್ನು ಬಿಟ್ಟು ಬಿಳಿ ಗೋಡೆ, ಅಂಗಿ, ಆಕಾಶ ನೋಡಿ. ಎಲ್ಲವೂ ಒಂದೇ ರೀತಿ ವಾಲಿದ್ದರೆ ಪ್ರೊಫೈಲ್, ಸ್ಕ್ರೀನ್ ಅಥವಾ ಫಿಲ್ಟರ್ ಕಾರಣ ಇರಬಹುದು. ಗೋಡೆ ಹಾಗೇ ಇದ್ದು ಗಾಯ ಅಥವಾ ಬಾವುಟದ ಬಣ್ಣ ಮಾತ್ರ ಬದಲಾಗಿದ್ದರೆ ಅನುಮಾನಪಡಿ. ಅದೂ ಅನುಮಾನ ಮಾತ್ರ, ಏಕೆಂದರೆ ಮುಖವನ್ನಷ್ಟೇ ತಿದ್ದುವ ಬ್ಯೂಟಿ ಫಿಲ್ಟರ್‌ಗಳಿವೆ.

ಸಾಧ್ಯವಾದರೆ ಫೋಟೋ ತೆಗೆದವರಿಂದಲೇ ಮೂಲ ಫೈಲು ಕೇಳಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಅಲ್ಲ, 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ. ಆಗ ಅದು ಕುಗ್ಗುವುದಿಲ್ಲ, ಚೀಟಿಯೂ ಜೊತೆಗೇ ಬರುತ್ತದೆ.