ರಜೆಯ ಒಂದು ದಿನ ಶಿರಾದಲ್ಲಿ

ಗೊರವನಹಳ್ಳಿಯ ಮಹಾಲಕ್ಷ್ಮಿಯ ದರ್ಶನ ಮುಗಿಸಿದ ಯಾತ್ರಿಕರು ಅಲ್ಲಿಂದಲೇ ಊರಿಗೆ ಮರಳದೆ, ಕೊರಟಗೆರೆ, ಮಧುಗಿರಿಗಳನ್ನು ಹಾದು ಶಿರಾದವರೆಗೆ ಪಯಣಿಸಿದರೆ, ಪ್ರಾಚೀನ ನಗರಗಳನ್ನು ಕಾಣಲು ದೂರದ ಉತ್ತರ ಆಫ್ರಿಕಾದ ಟ್ಯುನಿಸ್ಸಿಗೋ ಫೆಜ್ ಪಟ್ಟಣಕ್ಕೋ ಹೋಗಬೇಕೆಂಬ ಹಂಬಲವು ಬಹುಮಟ್ಟಿಗೆ ಶಮನವಾದೀತು. ರತ್ನಗಿರಿಯ ರಂಗಪ್ಪನಾಯಕನು ಅಡಿಪಾಯವಿಟ್ಟ ಇಲ್ಲಿನ ಕೋಟೆಯು 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾಖಾನನ ವಶವಾಗಿ, 1687ರಲ್ಲಿ ಮೊಗಲರ ಕೈಸೇರಿ, ಸುಮಾರು ಏಳು ದಶಕಗಳ ಕಾಲ ಊರು ಅವರ ಸುಬಾದ ರಾಜಧಾನಿಯಾಗಿ ಮೆರೆಯಿತು.

ಬಿಜಾಪುರದ ಪರವಾಗಿ ಶಿರಾವನ್ನು ಆಳಿದ ಮಲಿಕ್ ರಿಹಾನನ 1651ರ ಗೋರಿಯ ಗುಮ್ಮಟದಡಿಯಲ್ಲಿ ಕ್ಷಣಕಾಲ ನಿಂತವನಿಗೆ, ಹೊರಗಿನ ಬಿಸಿಲೂ ಸಂತೆಯ ಸದ್ದೂ ಮರೆಯಾಗಿ, ಬಿಜಾಪುರದ ಶಿಲ್ಪಿಗಳ ಕೈಚಳಕವು ಈ ಬಯಲುಸೀಮೆಯ ತನಕ ಹರಿದುಬಂದ ಸಂಗತಿ ಮನದಟ್ಟಾಗುತ್ತದೆ. 1696ರ ಜುಮ್ಮಾ ಮಸೀದಿಯ ಕೆತ್ತಿದ ಕಲ್ಲುಗಳನ್ನಂತೂ ಕೈಯಿಂದ ಮುಟ್ಟಿಯೇ ನೋಡಬೇಕು. ಕೋಟೆಯ ಕಂದಕದ ಅಂಚಿನಲ್ಲಿ ನಡೆಯುವ ವಾಚಕರು, ದಯಮಾಡಿ, ಗೋಡೆಗಳ ಮೇಲೆ ಹೆಸರು ಗೀಚದಿರಲಿ.